ವಿದ್ಯಾರ್ಥಿ ಭವನಕ್ಕೆ ಕ್ಯೂ ನಿಲ್ಲಬಹುದಾ?

ದಾವಣಗೆರೆಯಿಂದ ಅಮ್ಮನ ಜೊತೆ ಬೆಂಗಳೂರಿಗೆ ಬರ್ತಿದ್ದೇವೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನ ಮಸಾಲೆ ದೋಸೆ ಹೆಸರಿಗೆ ತಕ್ಕಂತಿದೆಯಾ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಇದೆ. ಆದರೆ ನಿಮ್ಮೂರಿನ ಬೆಣ್ಣೆ ದೋಸೆಗೆ ಹೋಲಿಸಲು ಹೋಗಬೇಡಿ. ಇದರ ರುಚಿಯೇ ಬೇರೆ. ಹೊರಗೆ ಕೆಂಪಗೆ ಗರಿಗರಿ, ಒಳಗೆ ದಪ್ಪ, ಮೆತ್ತಗೆ. ಮುರಿದರೆ ಬೆರಳಿಗೆಲ್ಲ ತುಪ್ಪ ಅಂಟುತ್ತದೆ. ಚಟ್ನಿ ನೀರು ನೀರಾಗಿರುತ್ತದೆ, ಅದು ಹಾಗೇನೇ. ಧಾರಾಳವಾಗಿ ಹಾಕಿಸಿಕೊಳ್ಳಿ. ಸಾಂಬಾರ್ ಮಾತ್ರ ಕೇಳಬೇಡಿ, ದೋಸೆಗೆ ಸಾಂಬಾರ್ ಕೊಡುವ ಪದ್ಧತಿ ಅಲ್ಲಿಲ್ಲ.

1943ರ ಹೋಟೆಲ್. ಜಾಗ ಚಿಕ್ಕದು, ಗದ್ದಲ ಜಾಸ್ತಿ. ಆರಾಮಾಗಿ ಕೂತು ಹರಟೆ ಹೊಡೆಯುವ ಆಸೆ ಇದ್ದರೆ ಬಿಟ್ಟುಬಿಡಿ. ಗೋಡೆ ಮೇಲಿನ ಸಾಹಿತಿಗಳ ಚಿತ್ರ ನೋಡುವಷ್ಟರಲ್ಲಿ, ಪಂಚೆ ಉಟ್ಟ ಸಪ್ಲೈಯರ್ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಭುಜದವರೆಗೂ ಪೇರಿಸಿಕೊಂಡು ಬರ್ತಾರೆ. ಅಮ್ಮನಿಗೆ ಅದನ್ನು ತಪ್ಪದೆ ತೋರಿಸಿ.

ಶುಕ್ರವಾರ ರಜೆ. ಮಧ್ಯಾಹ್ನ ಕೂಡ ಸ್ವಲ್ಪ ಹೊತ್ತು ಬಾಗಿಲು ಹಾಕಿರುತ್ತಾರೆ. ಭಾನುವಾರ ಬೆಳಿಗ್ಗೆಯಂತೂ ಬೇಡವೇ ಬೇಡ, ಅಮ್ಮನಿಗೆ ಅಷ್ಟು ಹೊತ್ತು ನಿಲ್ಲೋದು ಕಷ್ಟ. ವಾರದ ದಿನ ಬೆಳಿಗ್ಗೆ ಬೇಗ ಹೋಗಿ, ಮುಗಿಸಿ ಹಾಗೇ ದೊಡ್ಡ ಗಣಪತಿ ದೇವಸ್ಥಾನಕ್ಕೂ ಹೋಗಿಬರಬಹುದು, ಹತ್ತಿರವೇ ಇದೆ.