ಶ್ರೀಲಂಕಾ ಲೆಕ್ಕ ಪಹಲ್ಗಾಮ್‌ಗೆ ಹೊಂದುತ್ತಾ?

ನಮಸ್ಕಾರ ಸರ್. 2019ರ ಈಸ್ಟರ್ ದಾಳಿ ಆದಮೇಲೆ ಶ್ರೀಲಂಕಾಕ್ಕೆ ಪ್ರವಾಸಿಗರು ಮರಳೋಕೆ ಎಷ್ಟು ದಿನ ಹಿಡಿಯಿತು, ಪಹಲ್ಗಾಮ್‌ಗೂ ಅದೇ ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀರಿ.

ಮೊದಲನೆಯದು ಸುಲಭ. ದಾಳಿ ಆಗಿದ್ದು ಏಪ್ರಿಲ್ 21ಕ್ಕೆ. 2018ರ ಮೇ ತಿಂಗಳಲ್ಲಿ ಸುಮಾರು 1.29 ಲಕ್ಷ ವಿದೇಶಿಯರು ಬಂದಿದ್ದರು. 2019ರ ಮೇನಲ್ಲಿ 38 ಸಾವಿರವೂ ಇಲ್ಲ. ಆದರೆ ಅದೇ ಡಿಸೆಂಬರ್‌ನಲ್ಲಿ ಸುಮಾರು 2.41 ಲಕ್ಷ ಜನ, ಹಿಂದಿನ ಡಿಸೆಂಬರ್‌ಗಿಂತ ಸ್ವಲ್ಪವೇ ಕಡಿಮೆ. ಎಂಟು ತಿಂಗಳು ಅನ್ನಿ. ಸುಮ್ನೆ ಬರಲಿಲ್ಲ, ವೀಸಾ ಶುಲ್ಕ ಬಿಟ್ಟರು, ಹೋಟೆಲ್ ದರ ಇಳಿಸಿದರು. ಆ ಸೆಪ್ಟೆಂಬರ್‌ನಲ್ಲಿ ನಾನೂ ಹೋಗಿದ್ದೆ. ಸಿಗಿರಿಯಾ ಬಂಡೆಯ ಮೆಟ್ಟಿಲಲ್ಲಿ ಯಾರಿಗೂ ದಾರಿ ಬಿಡಬೇಕಾಗಲಿಲ್ಲ. ಕೆಳಗೆ ಎಳನೀರಿನವನು ಒಂದು ಕೊಂಡರೆ ಇನ್ನೊಂದು ಸುಮ್ಮನೆ ಕೆತ್ತಿಕೊಟ್ಟ. (ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು.)

ಪಹಲ್ಗಾಮ್‌ಗೆ ಈ ಲೆಕ್ಕ ಹೊಂದಲ್ಲ ಅನ್ಸುತ್ತೆ. ಶ್ರೀಲಂಕಾದಲ್ಲಿ ಚರ್ಚು, ಹೋಟೆಲು ಗುರಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಪ್ರವಾಸಿಗರೇ ಗುರಿ. ಸತ್ತ 26 ಮಂದಿಯಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಇಲ್ಲಿನ ಮನೆಮನೆಯಲ್ಲೂ ಅದು ಕೂತುಬಿಟ್ಟಿದೆ ಅಲ್ವಾ? ಮೇಲಾಗಿ ಕಾಶ್ಮೀರದ 87 ಪ್ರವಾಸಿ ತಾಣಗಳಲ್ಲಿ 48ನ್ನು ಸರ್ಕಾರವೇ ಮುಚ್ಚಿತು. ಮೇನಲ್ಲಿ ಶ್ರೀನಗರದ ವಿಮಾನವೂ ಕೆಲವು ದಿನ ನಿಂತಿತು. ಹೋಗಬೇಕು ಅಂದವರಿಗೂ ದಾರಿ ಇರಲಿಲ್ಲ.

ಇನ್ನೊಂದು, ಏಪ್ರಿಲ್-ಮೇ ಅಂದರೆ ಶಾಲೆ ರಜೆ. ಆ ಸೀಸನ್ ಹೋದರೆ ಮುಂದಿನ ವರ್ಷವೇ. ಗಿರಾಕಿ ಇಲ್ಲ ಅಂತ ಕುದುರೆಯವನು ಕುದುರೆಗೆ ಮೇವು ಹಾಕದೆ ಇರೋಕಾಗುತ್ತಾ?