ಮೂರು ಕಾಟಾ ಎಲ್ಲಿಡಬೇಕು: ಪ್ರತಿ ಸಲ ಬೇರೆ ಉತ್ತರ ಬರುವುದೇಕೆ

ಕಬ್ಬು ತೂಗುವ ಮೂರು ಕಾಟಾಗಳನ್ನು ಸಾಗಣೆ ಖರ್ಚು ಕನಿಷ್ಠವಾಗುವಂತೆ ಎಲ್ಲಿಡಬೇಕು ಅಂತ ಪ್ರೋಗ್ರಾಂ ಓಡಿಸಿದರೆ ಪ್ರತಿ ಸಲ ಬೇರೆ ಉತ್ತರ ಬರುತ್ತಿದೆ ಅಂದಿರಿ. ನಿಮ್ಮ ಗ್ರೇಡಿಯಂಟ್ ಡಿಸೆಂಟ್ (ಖರ್ಚು ಇಳಿಯುವ ದಿಕ್ಕಿಗೇ ಹೆಜ್ಜೆ ಹಾಕುತ್ತಾ ಹೋಗುವ ವಿಧಾನ) ಬಹುಶಃ ಹತ್ತಿರದ ತಗ್ಗಿನಲ್ಲೇ, ಅಂದರೆ ಸುತ್ತಮುತ್ತಲಿಗಷ್ಟೇ ಕಡಿಮೆ ಖರ್ಚು ಬರುವ ಕಡೆಯೇ, ನಿಂತುಬಿಡುತ್ತಿದೆ. ಮುಧೋಳ, ಜಮಖಂಡಿ ಸುತ್ತಲಿನ 40 ಹಳ್ಳಿಗಳ ಕಬ್ಬಿಗೆ ಒಂದೇ ಕಾಟಾ ಸಾಕಿದ್ದರೆ, ನೇರ ದೂರದ ಲೆಕ್ಕದಲ್ಲಿ ಈ ತೊಂದರೆ ಬರುತ್ತಿರಲಿಲ್ಲ. ಮೂರು ಅಂದಕೂಡಲೇ ಪ್ರತಿ ಹಳ್ಳಿಯೂ ಹತ್ತಿರದ್ದಕ್ಕೆ ಹೋಗುತ್ತದೆ, ತಗ್ಗುಗಳು ಹಲವಾಗುತ್ತವೆ.

ಮೊದಲು ಸಾಗಣೆ ಖರ್ಚಿನ ಅಂಕಿ ಹೋಲಿಸಿ, ಜಾಗಗಳನ್ನಲ್ಲ. ಕಾಟಾಗಳ ಕ್ರಮ ಅದಲುಬದಲಾದರೆ ಒಂದೇ ಉತ್ತರ 6 ಥರ ಕಾಣುತ್ತದೆ.

ಕಾಟಾ ಯಾವುದಾದರೂ ಹಳ್ಳಿಯಲ್ಲೇ ಇದ್ದರೆ ಸಾಕು ಅನ್ನುವುದಾದರೆ ಆಪ್ಟಿಮೈಸರ್ (ಕನಿಷ್ಠ ಹುಡುಕುವ ಪ್ರೋಗ್ರಾಂ) ಬಿಟ್ಟೇಬಿಡಿ. 40ರಲ್ಲಿ 3 ಆರಿಸುವ ರೀತಿ 9,880 ಅಷ್ಟೇ. ಎಲ್ಲವನ್ನೂ ಸುಮ್ನೆ ಲೆಕ್ಕ ಹಾಕಿಸಿ, ಲ್ಯಾಪ್‌ಟಾಪ್‌ಗೆ ಅದೇನು ದೊಡ್ಡ ಕೆಲಸವಲ್ಲ. ಆಗ ಸಿಗುವುದು ಖಾತ್ರಿ ಕನಿಷ್ಠ. ನಾನಾದರೆ ಇದನ್ನೇ ಮಾಡುತ್ತೇನೆ. ಹೊಲದ ನಡುವೆ ಕಾಟಾಕ್ಕೆ ಜಾಗ ಯಾರು ಕೊಡುತ್ತಾರೆ, ಅಲ್ವಾ?

ಎಲ್ಲಿ ಬೇಕಾದರೂ ಇಡಬಹುದು ಅಂದರೆ, ಅಕ್ಷಾಂಶ-ರೇಖಾಂಶವನ್ನು ಕಿಲೋಮೀಟರಿಗೆ ತಿರುಗಿಸಿ. ನಾಲ್ಕೂ ದಿಕ್ಕಿನ ಮಿತಿ ಕೊಟ್ಟು ಸೈಪೈ ಅನ್ನುವ ಪೈಥಾನ್ ಲೈಬ್ರರಿಯ ಡಿಫರೆನ್ಶಿಯಲ್ ಎವಲ್ಯೂಷನ್ (ಹಲವು ಊಹೆಗಳನ್ನು ಒಟ್ಟಿಗೆ ಇಟ್ಟು, ಬೆರೆಸುತ್ತಾ ಹುಡುಕುವ ವಿಧಾನ) ಓಡಿಸಿ, ಸೀಡ್ (ಯಾದೃಚ್ಛಿಕ ಆಯ್ಕೆಗೆ ಕೊಡುವ ಆರಂಭದ ಅಂಕಿ) ಬದಲಿಸಿ ಮತ್ತೆ ಓಡಿಸಿ. ಖರ್ಚು ಪ್ರತಿ ಸಲ ಒಂದೇ ಬಂದರೆ ನಂಬಬಹುದು, ಆದರೆ ಸಾಬೀತಾಯಿತು ಅಂತಲ್ಲ. ಹಳ್ಳಿಗಳ ಲೆಕ್ಕದಲ್ಲಿ ಬಂದ ಕನಿಷ್ಠಕ್ಕಿಂತ ಜಾಸ್ತಿ ಬಂದರಂತೂ ಅದು ಎಲ್ಲೋ ಸಿಕ್ಕಿಕೊಂಡಿದೆ. ಪಾಪ್ಯುಲೇಷನ್ (ಒಟ್ಟಿಗೆ ಇಡುವ ಊಹೆಗಳ ಸಂಖ್ಯೆ) ಹೆಚ್ಚಿಸಿ ಮತ್ತೆ ಬಿಡಿ.