ಇ-ಪುಸ್ತಕ: ಕೊಳ್ಳುವುದೋ, ಎರವಲು ತರುವುದೋ?

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: “ಸಂಪಾದಕರಿಗೆ ನಮಸ್ಕಾರ. ಪುಸ್ತಕಕ್ಕೆಂದು ತಿಂಗಳಿಗೆ 300 ರೂಪಾಯಿ ತೆಗೆದಿಡುತ್ತೇನೆ. ಓದುವುದೆಲ್ಲ ಫೋನಿನಲ್ಲೇ. ಕನ್ನಡ ಹೆಚ್ಚು, ಇಂಗ್ಲಿಷ್ ಒಂದಿಷ್ಟು. ಇ-ಪುಸ್ತಕಗಳನ್ನು ಒಂದೊಂದಾಗಿ ಕೊಳ್ಳಲೋ, ತಿಂಗಳ ಚಂದಾ ಕಟ್ಟಿ ಎರವಲು ಓದಲೋ? ಯಾವುದು ಅಗ್ಗ?”

ನಮಸ್ಕಾರ. ನಿಮ್ಮ 300 ರೂಪಾಯಿಗೆ ನಮ್ಮ ಸಲಹೆ ಇದು: ಕನ್ನಡವನ್ನು ಕೊಂಡು ಓದಿ, ಇಂಗ್ಲಿಷನ್ನು ಎರವಲು ತಂದು ಓದಿ. ಆದರೆ ಅದಕ್ಕೂ ಮೊದಲು, ದುಡ್ಡೇ ಕೊಡಬೇಕಿಲ್ಲದ ಪುಸ್ತಕಗಳನ್ನು ಲೆಕ್ಕದಿಂದ ಹೊರಗಿಡಿ.

ಮುಂದೆ ಓದಬೇಕೆಂದಿರುವ ಹತ್ತು ಪುಸ್ತಕಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ತೀರಿಕೊಂಡ ಲೇಖಕರಿದ್ದರೆ ಪಕ್ಕದಲ್ಲಿ ಅವರು ತೀರಿಕೊಂಡ ವರ್ಷ ಇರಲಿ. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಉಳಿಯುವುದು ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ. ಮಂಜೇಶ್ವರ ಗೋವಿಂದ ಪೈ ಮತ್ತು ತ್ರಿವೇಣಿ ಇಬ್ಬರೂ 1963ರಲ್ಲಿ ತೀರಿಕೊಂಡವರು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗಳಿಗೆ 2054ರ ಕೊನೆಯವರೆಗೂ ಹಕ್ಕು ಇದೆ. ಹಳೆಯ ಪುಸ್ತಕಕ್ಕೆ ಇತ್ತೀಚಿನವರು ಬರೆದ ಮುನ್ನುಡಿ, ಟಿಪ್ಪಣಿಗಳಿಗೆ ಮಾತ್ರ ಹಕ್ಕು ಬೇರೆಯೇ ಇರುತ್ತದೆ.

ಹಕ್ಕು ಮುಗಿದ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಉಚಿತ ಜಾಲತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಬೇಕಾದಷ್ಟಿವೆ. ತೊಡಕೆಂದರೆ ಅವು ಪುಟಗಳ ಚಿತ್ರಗಳು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತದೆ, ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಫೋನನ್ನು ಅಡ್ಡ ಹಿಡಿದು, ಅಂಚು ಕತ್ತರಿಸಿ ತೋರಿಸುವ ಪಿಡಿಎಫ್ ಆ್ಯಪ್‌ನಲ್ಲಿ ತೆರೆದರೆ ಎಷ್ಟೋ ವಾಸಿ. ಇಳಿಸಿಕೊಳ್ಳುವ ಮುಂಚೆ ನಡುವಿನ ನಾಲ್ಕು ಪುಟ ಮತ್ತು ಕೊನೆಯ ಪುಟವನ್ನು ಅಲ್ಲೇ ತೆರೆದು ನೋಡಿ. ಸ್ಕ್ಯಾನ್‌ಗಳಲ್ಲಿ ಪುಟ ಬಿಟ್ಟುಹೋಗಿರುವುದು, ಬೆರಳು ಅಡ್ಡ ಬಂದಿರುವುದು ಹೊಸದಲ್ಲ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಶುರುಮಾಡಿದ ಡಿಜಿಟಲ್ ಗ್ರಂಥಾಲಯಕ್ಕೂ ಶುಲ್ಕವಿಲ್ಲ. ನಿಮ್ಮ ಹತ್ತೂ ಹೆಸರನ್ನು ಅಲ್ಲಿ ಒಮ್ಮೆ ಹುಡುಕಿ ನೋಡಿ.

ಇನ್ನು ಚಂದಾ. ಅಮೆಜಾನ್ ಕಂಪನಿಯ ಎರವಲು ಚಂದಾ ಆದ ಕಿಂಡಲ್ ಅನ್‌ಲಿಮಿಟೆಡ್‌ಗೆ ತಿಂಗಳಿಗೆ 169 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 2,028. ಸರಾಸರಿ 120 ರೂಪಾಯಿಯ ಇ-ಪುಸ್ತಕವಾದರೆ ಅದೇ ದುಡ್ಡಿಗೆ ಹದಿನಾರು ಪುಸ್ತಕ ನಿಮ್ಮ ಖಾತೆಯಲ್ಲಿ ಉಳಿಯುತ್ತವೆ. ತಿಂಗಳಿಗೆ ಎರಡು ಪುಸ್ತಕ ಓದಿ ಮುಗಿಸದವರಿಗೆ ವರ್ಷಪೂರ್ತಿ ಚಂದಾ ನಷ್ಟವೇ. ದೊಡ್ಡ ಪ್ರಕಾಶಕರ ಹೊಸ ಇಂಗ್ಲಿಷ್ ಪುಸ್ತಕಗಳು ಅದರಲ್ಲಿ ಅಪರೂಪ, ಕನ್ನಡಕ್ಕಂತೂ ಅದನ್ನು ನಂಬಬೇಡಿ. 2016ರ ಕೊನೆಗೆ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡ ಆ ಪಟ್ಟಿಯಲ್ಲೇ ಇರಲಿಲ್ಲ. ಆದ್ದರಿಂದ ಬೇಕಾದ ಇಂಗ್ಲಿಷ್ ಪುಸ್ತಕಗಳು ಮೂರ್ನಾಲ್ಕು ಸೇರಲಿ, ಅವು ಚಂದಾದಲ್ಲಿ ಇವೆಯೆಂದು ನೋಡಿಕೊಂಡು ಒಂದೇ ತಿಂಗಳಿಗೆ ಕಟ್ಟಿ. ಕಟ್ಟಿದ ದಿನವೇ ನವೀಕರಣ ರದ್ದುಮಾಡಿ, ತಿಂಗಳ ಕೊನೆಯವರೆಗೆ ಓದಬಹುದು. ಮರೆತರೆ ಮುಂದಿನ ಕಂತು ತಾನಾಗಿ ಕಡಿತವಾಗುತ್ತದೆ. ಕಡಿತಕ್ಕೆ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ, ಆ ಸಂದೇಶವನ್ನು ಓದದೆ ಅಳಿಸಬೇಡಿ.

ಕೊಳ್ಳುವ ಮಾತಿಗೆ ಬಂದರೆ, ನೀವು ದುಡ್ಡು ಕೊಡುವುದು ಬಹುಮಟ್ಟಿಗೆ ಓದುವ ಪರವಾನಗಿಗೆ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಹಣ ವಾಪಸು ಬಂತು, ಪುಸ್ತಕಗಳು ಹೋದವು. ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ದಾಟಿಸುವ ಸೌಲಭ್ಯ 2025ರ ಫೆಬ್ರವರಿಯಲ್ಲಿ ನಿಂತುಹೋಯಿತು. ಇದು ನಮಗೆ ನಿಜಕ್ಕೂ ಬೇಸರದ ಸಂಗತಿ. ಹೀಗಾಗಿ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ಇಪಬ್ ಎಂಬ ಇ-ಪುಸ್ತಕ ಮಾದರಿಯ ಫೈಲ್ ಕೈಗೆ ಸಿಗುತ್ತದೆಯೇ, ಇಲ್ಲ ಅವರ ಆ್ಯಪ್‌ನಲ್ಲಷ್ಟೇ ಓದಬೇಕೆ? ಫೈಲ್ ಸಿಕ್ಕರೆ ಕಂಪ್ಯೂಟರಿನಲ್ಲೊಂದು, ಪೆನ್‌ಡ್ರೈವ್‌ನಲ್ಲೊಂದು ಪ್ರತಿ ಇಡಿ. ಆ್ಯಪ್ ಮಾತ್ರವಾದರೆ ಖಾತೆಗೆ ಮೊಬೈಲ್ ನಂಬರಿನ ಜೊತೆ ಇಮೇಲನ್ನೂ ಜೋಡಿಸಿ, ಸಿಮ್ ಬದಲಾದರೂ ಪುಸ್ತಕ ಕೈತಪ್ಪುವುದಿಲ್ಲ.

ಇಷ್ಟೆಲ್ಲ ಇದ್ದರೂ ಕನ್ನಡವನ್ನು ಕೊಳ್ಳಿ ಎನ್ನುತ್ತಿರುವುದಕ್ಕೆ ಕಾರಣವಿದೆ. ಕನ್ನಡದ ಹೊಸ ಪುಸ್ತಕಗಳು ಎರವಲಿಗೆ ಸಿಗುವುದೇ ಕಡಿಮೆ. ಮೈಲ್ಯಾಂಗ್, ವಿವಿಡ್‌ಲಿಪಿ, ಗೂಗಲ್ ಪ್ಲೇ ಬುಕ್ಸ್‌ಗಳಲ್ಲಿ ಇವತ್ತು ಬಿಕರಿಯಾದರೆ ತಾನೇ ಪ್ರಕಾಶಕರು ನಾಳೆ ಇನ್ನೊಂದನ್ನು ಇ-ಪುಸ್ತಕ ಮಾಡುತ್ತಾರೆ! ಆದರೆ ಅಚ್ಚಿನ ಬೆಲೆಯನ್ನೂ ನೋಡಿ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅದೇ ಪುಸ್ತಕದ ಇ-ಪ್ರತಿಗೆ ಶೇ. 5, ಅಚ್ಚಿನಲ್ಲಿ ಬಂದೇ ಇಲ್ಲದ್ದಾದರೆ ಶೇ. 18. ಅಂಚೆ ವೆಚ್ಚ ಸೇರಿಯೂ ವ್ಯತ್ಯಾಸ ನಲವತ್ತು ರೂಪಾಯಿಯೊಳಗಿದ್ದರೆ ಅಚ್ಚಿನದನ್ನೇ ತರಿಸಿ. ಓದಿ ಮುಗಿಸಿ ಇನ್ನೊಬ್ಬರಿಗೆ ಕೊಡಬಹುದು, ಇ-ಪುಸ್ತಕವನ್ನು ಹಾಗೆ ಕೊಡಲಾಗದು.

ದುಡ್ಡು ಕೊಡುವ ಮುಂಚೆ ಮಾದರಿ ಪುಟಗಳನ್ನು ತೆರೆದು ಅಕ್ಷರವನ್ನು ಎರಡು ಸಲ ದೊಡ್ಡದು ಮಾಡಿ. ‘ಜ್ಯೋತ್ಸ್ನಾ’, ‘ಲಕ್ಷ್ಮಿ’ಯಂಥ ಪದಗಳ ಒತ್ತುಗಳು ಒಡೆದಿವೆಯೇ, ‘ಸೂರ್ಯ’ದ ಅರ್ಕಾವತ್ತು ತನ್ನ ಜಾಗದಲ್ಲಿದೆಯೇ ನೋಡಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಿಂದ ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ, ಕರಡು ತಿದ್ದದೆ ಬಿಟ್ಟ ಫೈಲುಗಳಲ್ಲಿ ಈ ತಪ್ಪು ಪುಟಪುಟಕ್ಕೂ ಇರುತ್ತದೆ. ಮಾದರಿಯೇ ಹೀಗಿದ್ದರೆ ಕೊಳ್ಳಬೇಡಿ. ಕೊಂಡ ಮೇಲೆ ಗೊತ್ತಾದರೆ, ಗೂಗಲ್ ಪ್ಲೇಯಲ್ಲಿ ಏಳು ದಿನದೊಳಗೆ ಹಣ ವಾಪಸು ಕೇಳಲು ಅವಕಾಶವಿದೆ. ಕೇಳುವಾಗ ತಪ್ಪಿರುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ, ಅದನ್ನೇ ಪ್ರಕಾಶಕರಿಗೂ ಕಳಿಸಿ.

— ಸಂ.